ಥ್ಯಾಂಕ್‌ಫುಲ್ ಯಾರ ಮಗಳು

ಕಾರು ನಿಂತು ಎಂಜಿನ್ನಿನ ಸದ್ದು ಅಡಗಿದ ಮೇಲೂ ಅತ್ತೆ ಇಳಿಯುವ ಲಕ್ಷಣ ಕಾಣಲಿಲ್ಲ. ಮಡಿಲಲ್ಲಿದ್ದ ಕೈಚೀಲದ ಮೇಲೆ ಎರಡೂ ಕೈ ಇಟ್ಟುಕೊಂಡು, ಯಾರಾದರೂ ಬಂದು ಬಾಗಿಲು ತೆಗೆಯುವುದು ಲೋಕದ ನಿಯಮವೇ ಎಂಬಂತೆ ನೆಟ್ಟಗೆ ಮುಂದೆ ನೋಡುತ್ತ ಕೂತಿದ್ದರು. ಡೆಲ್ಫೀನಾ ತನ್ನ ಬಾಗಿಲಿನಿಂದ ಇಳಿದು, ಕಾರನ್ನು ಬಳಸಿ ಬಂದು, ಆ ಬಾಗಿಲು ತೆಗೆದಳು. ಬೆಳಗಿನಿಂದ ಹೀಗೇ ಆಗಿತ್ತು. ಕರೆದೊಯ್ಯಲು ಅವರ ಮನೆಗೆ ಹೋದರೆ, ಹೊರಡುವ ಹೊತ್ತಿಗೆ ಅತ್ತೆಗೆ ಬೂದು ಟೋಪಿ ಬೇಡವಾಗಿ ನೀಲಿ ಟೋಪಿ ಬೇಕಾಯಿತು. ನೀಲಿ ಟೋಪಿಯ ಪಿನ್ನು ಸಿಗಲಿಲ್ಲ. ಸಿಕ್ಕಿದ ಮೇಲೆ ಬೂದು ಟೋಪಿಯೇ ವಾಸಿ ಅನಿಸಿತು. ದಾರಿಯಲ್ಲಿ ಕಿಟಕಿ ತೆಗೆದರೆ ಕಪ್ಪು ನೊಣ, ಮುಚ್ಚಿದರೆ ಉಸಿರುಕಟ್ಟು. ಗಂಡ ರಸೆಲ್ ತಾನೇ ಅಮ್ಮನನ್ನು ಕರೆದುಕೊಂಡು ಹೋಗುತ್ತೇನೆಂದು ಭಾನುವಾರ ಎಲ್ಲರೆದುರು ಹೇಳಿದ್ದವನು, ಈವತ್ತು ಎದ್ದ ಕೂಡಲೇ ಮೀನಿನ ಗಾಳ ಹುಡುಕತೊಡಗಿದ್ದ. "ನಿನಗೆ ಗೊತ್ತಿರೋ ವಿಷಯ, ನಾನು ಬಂದು ಏನು ಮಾಡಲಿ?" ಎಂದಿದ್ದ. ಅವನ ಅಮ್ಮ, ಅವನ ಮನೆತನ, ಅವನ ಅಜ್ಜಿಯ ಅಜ್ಜಿಯ ಅಜ್ಜಿ. ಗೊತ್ತಿರುವುದು ಮಾತ್ರ ಡೆಲ್ಫೀನಾಳಿಗೆ.

"ಇಷ್ಟು ದೂರ ನಡೀಬೇಕಾ?" ಅತ್ತೆ ಕೋಲೂರಿ ನಿಂತು ಹೊಲದಾಚೆ ಕಾಣುತ್ತಿದ್ದ ಕಲ್ಲಿನ ಗೋಡೆಯನ್ನು ನೋಡಿದರು.

"ಕಾರು ಹೋಗೋದು ಇಲ್ಲೀವರೆಗೇ ಮದರ್ ವಾಡ್ಲೋ. ನಿನ್ನೇನೇ ಹೇಳಿದ್ನಲ್ಲ."

"ನಡೀಬೇಕು ಅಂದೆ. ಹುಲ್ಲಲ್ಲಿ ನಡೀಬೇಕು ಅನ್ನಲಿಲ್ಲ."

ಡೆಲ್ಫೀನಾ ತೋಳು ಚಾಚಿದಳು. ಅತ್ತೆ ಅದನ್ನು ಹಿಡಿಯಲಿಲ್ಲ. ಎರಡು ಹೆಜ್ಜೆ ಹಾಕಿ, ಒಂದು ಗುಂಡಿಗೆ ಕಾಲಿಟ್ಟು ವಾಲಿದ ಮೇಲೆ ಹಿಡಿದರು, ಅದೂ ಸೊಸೆಗೇ ಆಸರೆ ಬೇಕಾಗಿತ್ತು ಎನ್ನುವ ಹಾಗೆ. ಇನ್ನೊಂದು ಕೈಯಲ್ಲಿ ಡೆಲ್ಫೀನಾ ಒಂದು ಕನ್ನಡಿ ಹಿಡಿದಿದ್ದಳು. ಬಚ್ಚಲುಮನೆಯ ಗೋಡೆಯಿಂದ ಕಳಚಿ ತಂದ ಸಾದಾ ಕನ್ನಡಿ. ಸವೆದ ಗೋರಿಕಲ್ಲಿನ ಮೇಲೆ ಬಿಸಿಲನ್ನು ಓರೆಯಾಗಿ ಹಾಯಿಸಿದರೆ ಅಳಿಸಿಹೋದ ಅಕ್ಷರಕ್ಕೂ ನೆರಳು ಬರುತ್ತದೆ. ಇದನ್ನು ಕಲಿಯುವುದಕ್ಕೆ ಅವಳಿಗೆ ಒಂದಿಡೀ ಬೇಸಿಗೆ ಹಿಡಿದಿತ್ತು. ಊರಿನ ಹಳೆಯ ಮನೆತನಗಳ ಸಂಘದ ಹೆಂಗಸರು ಇದನ್ನು ಕಂಡು, ಗೋರಿಗಳ ನಡುವೆ ಡೆಲ್ಫೀನಾ ಮುಖ ನೋಡಿಕೊಳ್ಳುತ್ತಿದ್ದಾಳೆ ಎಂದು ನಕ್ಕಿದ್ದರು.

ಮೂರು ವರ್ಷವಾಯಿತು ವಾಡ್ಲೋ ಮನೆತನದ ಈ ಮೂಲ ಅಜ್ಜಿಯ ಹುಡುಕಾಟ ಹತ್ತಿಕೊಂಡು. ಥ್ಯಾಂಕ್‌ಫುಲ್. ಕೃತಜ್ಞೆ ಎಂದು ಅರ್ಥ. ಆ ಕಾಲದವರು ಹೆಣ್ಣುಮಕ್ಕಳಿಗೆ ಹೆಸರಿಡುವಾಗಲೇ ಬುದ್ಧಿವಾದ ಹೇಳಿ ಮುಗಿಸುತ್ತಿದ್ದರು: ತಾಳ್ಮೆ, ಮೌನ, ವಿಧೇಯತೆ. ತಮ್ಮೂರು ಬ್ರಾಕ್ಸ್‌ಬರಿಯ ಹಳೆಯ ಸ್ಮಶಾನದಲ್ಲಿ ಅವಳ ಕಲ್ಲಿತ್ತು. "ನಥಾನಿಯಲ್ ವಾಡ್ಲೋನ ಹೆಂಡತಿ ಥ್ಯಾಂಕ್‌ಫುಲ್, ತನ್ನ ಅರವತ್ತೊಂದನೆಯ ವರ್ಷದಲ್ಲಿ ತೀರಿಕೊಂಡಳು" ಎಂದಷ್ಟೆ. ಹೆಂಡತಿಯಾಗುವ ಮೊದಲು ಅವಳು ಏನಾಗಿದ್ದಳು, ಯಾರ ಮನೆಯ ಮಗಳು, ಯಾವ ಊರು, ಒಂದೂ ಇಲ್ಲ. ಅವಳ ಗಂಡ ದಾಖಲೆಗಳಲ್ಲಿ ಇದ್ದ: ಹಂದಿ ತಪ್ಪಿಸಿಕೊಂಡದ್ದಕ್ಕೆ ದಂಡ ಕಟ್ಟಿದ್ದ, ಬೇಲಿಯ ಜಗಳದಲ್ಲಿ ಸಾಕ್ಷಿ ಹೇಳಿದ್ದ, ಪ್ರಾರ್ಥನಾಮಂದಿರದಲ್ಲಿ ನಿದ್ದೆ ಮಾಡಿ ಛೀಮಾರಿ ಹಾಕಿಸಿಕೊಂಡಿದ್ದ. ಅವನ ಹಂದಿಯ ಕಿವಿಯಲ್ಲಿ ಯಾವ ಗುರುತು ಕೊಯ್ದಿದ್ದರೆಂಬುದು ಕೂಡ ಊರಿನ ಕಾಗದಗಳಲ್ಲಿ ಉಳಿದಿದೆ. ಹೆಂಡತಿ ಒಂಬತ್ತು ಮಕ್ಕಳನ್ನು ಹೆತ್ತು, ಅವುಗಳಲ್ಲಿ ನಾಲ್ಕನ್ನು ಮಣ್ಣಿಗಿಟ್ಟು, ಒಂದು ಮಾತೂ ಆಡದೆ ಹೋಗಿದ್ದಳು. ಕೆಲವು ಮಧ್ಯಾಹ್ನ, ದೂಳಿಗೆ ಸೀನುತ್ತ ಆ ಕಾಗದಗಳ ಮುಂದೆ ಕೂತಾಗ, ಡೆಲ್ಫೀನಾಳಿಗೆ ಅವಳ ಮೇಲೇ ಸಿಟ್ಟು ಬರುತ್ತಿತ್ತು. ಒಂದಾದರೂ ಜಗಳ ಆಡಬಾರದಿತ್ತೇ ನೀನು? ಪಕ್ಕದ ಮನೆಯವಳನ್ನು ಬೈದು ಕೋರ್ಟಿಗೆ ಹೋಗಬಾರದಿತ್ತೇ? ಜಗಳಗಂಟಿಯರೆಲ್ಲ ಸುಲಭವಾಗಿ ಸಿಗುತ್ತಾರೆ. ಒಳ್ಳೆಯವರು ಸಿಗುವುದಿಲ್ಲ.

ಆದರೆ ಅತ್ತೆಗೆ ಇದರಲ್ಲಿ ಹುಡುಕುವುದೇನೂ ಇರಲಿಲ್ಲ. ಥ್ಯಾಂಕ್‌ಫುಲ್ ಕ್ಯಾಪ್ಟನ್ ಐಸಾಕ್ ಹಿಂಚ್‌ಲಿಫನ ಮಗಳು; ಆ ಕ್ಯಾಪ್ಟನ್ನು ಇಂಗ್ಲೆಂಡಿನ ದೊಡ್ಡ ಮನೆತನದವನು; ಅವನ ವಂಶದ ಲಾಂಛನವಿರುವ ಪಿಂಗಾಣಿ ತಟ್ಟೆ ಊಟದ ಕೋಣೆಯ ಗೋಡೆಯ ಮೇಲಿದೆ. ಇದು ವಾಡ್ಲೋ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ. ಸೊಸೆ ಮಾಡಬೇಕಾದದ್ದು ಇಷ್ಟೇ, ಗೊತ್ತಿದ್ದುದಕ್ಕೆ ಒಂದು ಆಧಾರ ತಂದುಕೊಡುವುದು. ಕ್ಯಾಪ್ಟನ್ನಿಗೆ ಆ ಹೆಸರಿನ ಮಗಳೊಬ್ಬಳು ಇದ್ದದ್ದು ನಿಜ; ಅವಳಿಗೆ ನೀರು ಚಿಮುಕಿಸಿ ಹೆಸರಿಟ್ಟ ವರ್ಷವೂ ಲೆಕ್ಕಕ್ಕೆ ಸರಿಹೊಂದುತ್ತಿತ್ತು. ಅವಳೇ ಇವಳು ಎನ್ನುವುದಕ್ಕೆ ಮಾತ್ರ ಏನೂ ಸಿಕ್ಕಿರಲಿಲ್ಲ. "ಸರಿಯಾಗಿ ಹುಡುಕು" ಎನ್ನುತ್ತಿದ್ದರು ಅತ್ತೆ, ಕನ್ನಡಕ ಎಲ್ಲಿಟ್ಟೆ ಹುಡುಕು ಎನ್ನುವ ಹಾಗೆ. ದೇಶ ಸ್ವತಂತ್ರವಾಗಿ ಇನ್ನೂರು ವರ್ಷ ತುಂಬುವ ಈ ಸಲ ಊರಿಗೂರೇ ಪೂರ್ವಿಕರ ಹುಚ್ಚು ಹಿಡಿದು, ಬೀದಿಯಲ್ಲಿ ಬೆಂಕಿ ಆರಿಸುವ ನೀರಿನ ಕೊಳಾಯಿಗಳಿಗೂ ಬಾವುಟದ ಬಣ್ಣ ಬಳಿದಿದ್ದರು. ಹಿಮ ತಳ್ಳುವ ಗಾಡಿ ತಾಗಿ ಥ್ಯಾಂಕ್‌ಫುಲ್‌ಳ ಕಲ್ಲು ಎರಡಾಗಿ ಒಡೆದದ್ದರಿಂದ ಹೊಸ ಕಲ್ಲು ನಿಲ್ಲಿಸುವುದೆಂದು ಸಂಘ ತೀರ್ಮಾನಿಸಿತ್ತು. ಶನಿವಾರ ಸಮಾರಂಭ; ಅದಕ್ಕೆ ಮೊದಲು ಕ್ಯಾಪ್ಟನ್ನಿನ ಗೋರಿ ನೋಡಬೇಕೆಂದು ಅತ್ತೆ ಹೊರಟಿದ್ದರು. ಕಲ್ಲುಕುಟಿಗ ಸಾಲ್ವಿ ಹೆಸರು ಕೆತ್ತಿ ಮುಗಿಸಿ, ಕೊನೆಯ ಸಾಲಿಗೆ ಜಾಗ ಬಿಟ್ಟು ಕೂತಿದ್ದ. "ಈವತ್ತು ಅಂಗಡಿ ಮುಚ್ಚೋದರೊಳಗೆ ಹೇಳದಿದ್ರೆ ನನ್ನ ಮೇಲೆ ಹಾಕ್ಬೇಡಿ" ಎಂದು ನಿನ್ನೆ ಫೋನಿನಲ್ಲಿ ಗದರಿದ್ದ. ಆ ಸಾಲು ಇಂಥದೇ ಇರಲಿ ಎಂದು ರುಜು ಹಾಕಬೇಕಾದವಳು ಡೆಲ್ಫೀನಾ. ಸಂಘದ ಸದಸ್ಯೆಯಾಗುವುದಕ್ಕೆ ಅವಳ ರಕ್ತ ಸಾಲದು, ರುಜುವಿಗೆ ಸಾಕು.

ಗೋಡೆಯ ನಡುವಿನ ಕಬ್ಬಿಣದ ಗೇಟು ತುಕ್ಕು ಹಿಡಿದು ಅರ್ಧಕ್ಕೇ ನಿಂತಿತ್ತು. ಅತ್ತೆ ಅಡ್ಡಡ್ಡಲಾಗಿ ನುಸುಳಿದರು. ಒಳಗೆ ಹತ್ತಿಪ್ಪತ್ತು ಕಲ್ಲುಗಳು ಹಲ್ಲು ಬಿದ್ದ ಬಾಯಿಯ ಹಾಗೆ ಅಲ್ಲೊಂದು ಇಲ್ಲೊಂದು ವಾಲಿ ನಿಂತಿದ್ದವು. ಮೂಲೆಯಲ್ಲಿ ಯಾರೋ ಎಂದೋ ನೆಟ್ಟ ನೀಲಕದ ಪೊದೆ ಸೊಕ್ಕಿ ಬೆಳೆದು ನೇರಳೆ ಬಣ್ಣದ ಹೂಬಿಟ್ಟಿತ್ತು. ಡೆಲ್ಫೀನಾ ಎರಡು ವರ್ಷದ ಹಿಂದೆ ಇಲ್ಲಿಗೆ ಒಬ್ಬಳೇ ಬಂದಿದ್ದಳು. ಆಗ ಕಂಡದ್ದು ಕ್ಯಾಪ್ಟನ್ನಿನ ಕಲ್ಲು ಒಂದೇ, ಮೇಲೆ ರೆಕ್ಕೆ ಹಚ್ಚಿದ ತಲೆಬುರುಡೆ, ಕೆಳಗೆ ಅವನ ಗುಣಗಾನ.

"ಇದಾ?" ಅತ್ತೆ ಅದರ ಮುಂದೆ ನಿಂತರು. ಕಣ್ಣಿನ ಪೊರೆಯಿಂದಾಗಿ ಅವರಿಗೆ ಕಾಣುವುದು ಆಕಾರಗಳಷ್ಟೇ. ಆದರೂ ಟೋಪಿ ಸರಿಮಾಡಿಕೊಂಡರು, ಯಾರದೋ ಮನೆಗೆ ಬಂದವರಂತೆ. "ದೊಡ್ಡದಾಗಿದೆ. ನಾನು ಅಂದುಕೊಂಡಷ್ಟು ಇಲ್ಲ."

ಮದುವೆಗೆ ಮುಂಚೆ ರಸೆಲ್ ಅವಳನ್ನು ಮೊದಲ ಸಲ ಮನೆಗೆ ಊಟಕ್ಕೆ ಕರೆತಂದ ದಿನವೂ ಅತ್ತೆ ಹೀಗೇ, ತಲೆಯಿಂದ ಕಾಲಿನವರೆಗೆ ನೋಡಿ, ನಾನು ಅಂದುಕೊಂಡಷ್ಟು ಇಲ್ಲ ಎಂದಿದ್ದರು. ಯಾವುದು ಎಂದು ಹೇಳಿರಲಿಲ್ಲ. ಫುರ್ತಾದೋ ಎಂಬ ಅವಳ ತವರಿನ ಹೆಸರು ಕೇಳಿ, "ಅದೇನು, ತಿನ್ನೋದಾ?" ಎಂದು ಕೇಳಿ, ಎಲ್ಲರೂ ನಕ್ಕ ಮೇಲೆ ತಾವು ನಗದೆ ಸೂಪು ಬಡಿಸಿದ್ದರು. ಡೆಲ್ಫೀನಾಳ ಅಪ್ಪ ಅಸೋರ್ಸ್ ದ್ವೀಪದಿಂದ ಹಡಗು ಹತ್ತಿ ನ್ಯೂ ಬೆಡ್‌ಫರ್ಡಿನ ಹತ್ತಿಗಿರಣಿಗೆ ಬಂದವನು. ಅಮ್ಮ ಬೀಗರಿಗೆಂದು ಬೆಳ್ಳುಳ್ಳಿ ಹಾಕಿ ಹೊಗೆಯಲ್ಲಿ ಒಣಗಿಸಿದ ಮಾಂಸದ ಸಾಸೇಜನ್ನು ಬಟ್ಟೆಯಲ್ಲಿ ಸುತ್ತಿ ಕಳಿಸಿದ್ದಳು. ಮಾರನೆಯ ಬೆಳಿಗ್ಗೆ ಡೆಲ್ಫೀನಾ ಹಿತ್ತಲಲ್ಲಿ ನಾಯಿಯ ಬಟ್ಟಲಿನಲ್ಲಿ ಅದನ್ನು ಕಂಡು, ಕಂಡೇ ಇಲ್ಲವೆಂಬಂತೆ ಬಂದು ಕಾಫಿ ಕುಡಿದಳು. ಆ ನಾಯಿ ಸತ್ತು ಎಷ್ಟೋ ಕಾಲವಾಯಿತು. ಆ ಕಾಫಿಯ ರುಚಿ ಇನ್ನೂ ನಾಲಿಗೆಯ ಮೇಲಿದೆ, ಸಕ್ಕರೆ ಹೆಚ್ಚಾಗಿತ್ತು.

"ಅದೇನದು ಪಕ್ಕದಲ್ಲಿ? ಚಿಕ್ಕದು?" ಅತ್ತೆ ಕೋಲಿನಿಂದ ತೋರಿಸಿದರು.

ಡೆಲ್ಫೀನಾ ನೋಡಿದಳು. ಅವಳು ಬಂದಾಗ ಅದು ಇರಲಿಲ್ಲ. ಇರಲಿಲ್ಲವೆಂದರೆ, ನೆಲದೊಳಗೆ ಹುಗಿದುಹೋಗಿ ಹುಲ್ಲಿನಲ್ಲಿ ಒಂದು ಉಬ್ಬಿನಂತೆ ಇದ್ದಿರಬೇಕು. ಚಳಿಗಾಲದಲ್ಲಿ ಮಣ್ಣು ಹೆಪ್ಪುಗಟ್ಟಿ ಉಬ್ಬಿ ಕಲ್ಲುಗಳನ್ನು ಮೇಲಕ್ಕೆ ನೂಕುತ್ತದೆ. ರೈತರು ವರ್ಷವರ್ಷವೂ ಹೊಲದಿಂದ ಹೊಸ ಕಲ್ಲು ಆರಿಸಿ ಗೋಡೆಗೆ ಹಾಕುವುದು ಅದಕ್ಕೇ. ಮೊಣಕಾಲುದ್ದದ ಕಪ್ಪು ಕಲ್ಲು ಅರ್ಧ ಮೇಲೆದ್ದು, ಮಲಗಿದ್ದ ಮಗು ಎದ್ದು ಕೂತಂತೆ ಕಾಣುತ್ತಿತ್ತು. ಅವಳು ಕೂತು, ಕೈಯಿಂದ ಮಣ್ಣು ಸವರಿ, ಪಾಚಿಯನ್ನು ಉಗುರಿನಿಂದ ಕೆರೆಯಬಾರದೆಂಬುದು ನೆನಪಾಗಿ ನಿಲ್ಲಿಸಿ, ಕನ್ನಡಿ ಎತ್ತಿದಳು. ಬಿಸಿಲು ಕಲ್ಲಿನ ಮೇಲೆ ಜಾರಿತು. ಅಕ್ಷರಗಳು ಒಂದೊಂದಾಗಿ ನೆರಳು ತೊಟ್ಟು ನಿಂತವು.

ಥ್ಯಾಂಕ್‌ಫುಲ್. ಕ್ಯಾಪ್ಟನ್ ಐಸಾಕ್ ಹಿಂಚ್‌ಲಿಫನ ಮಗಳು. ನಾಲ್ಕು ವರ್ಷದವಳು.

ಮೊದಲು ಅವಳಿಗೆ ಬಂದದ್ದು ಸಂತೋಷ. ಬಾಚಿ ತಬ್ಬಿಕೊಳ್ಳುವಂಥ, ನಾಚಿಕೆಗೆಟ್ಟ ಸಂತೋಷ. ಮೂರು ವರ್ಷದಿಂದ ತಾನು ಇಲ್ಲ, ಇಲ್ಲ, ಇಲ್ಲ ಎಂದದ್ದೆಲ್ಲ ಸರಿಯಾಗಿತ್ತು. ಕ್ಯಾಪ್ಟನ್ನಿನ ಮಗಳು ಹಾಲುಹಲ್ಲು ಬೀಳುವ ಮೊದಲೇ ಇಲ್ಲಿ ಮಲಗಿದ್ದಳು; ಬ್ರಾಕ್ಸ್‌ಬರಿಗೆ ಬರಲಿಲ್ಲ, ಯಾರ ಹೆಂಡತಿಯೂ ಆಗಲಿಲ್ಲ, ಯಾವ ವಾಡ್ಲೋನನ್ನೂ ಹೆರಲಿಲ್ಲ. ಗೋಡೆಯ ಮೇಲಿನ ತಟ್ಟೆ ಬರೀ ತಟ್ಟೆ. ಸಂತೋಷದ ಹಿಂದೆಯೇ, ಮೊಣಕಾಲಿಗೆ ಹಸಿ ಮಣ್ಣಿನ ತಂಪು ತಾಕಿದಾಗ, ನಾಲ್ಕು ವರ್ಷದ ಕೂಸಿನ ಗೋರಿಯ ಮುಂದೆ ಕೂತು ತಾನು ಹಲ್ಲು ಕಿರಿಯುತ್ತಿದ್ದೇನೆಂಬುದು ಅರಿವಿಗೆ ಬಂತು. ಕನ್ನಡಿಯಲ್ಲಿ ತನ್ನ ಗಲ್ಲವೂ ಕಂಡಿತು. ಸಂಘದವರು ನಕ್ಕದ್ದರಲ್ಲಿ ತಪ್ಪಿಲ್ಲ.

"ಏನು ಬರ್ದಿದೆ?" ಅತ್ತೆ ಕೇಳಿದರು.

ಸವೆದುಹೋಗಿದೆ, ಓದಲಾಗುವುದಿಲ್ಲ ಎಂದುಬಿಡಬಹುದಿತ್ತು. ಮುದುಕಿಗೆ ಕಾಣುವುದಿಲ್ಲ. ಮನೆಗೆ ಹೋಗಿ, ಚಹಾ ಕೊಟ್ಟು, ರಸೆಲ್ ಬಂದ ಮೇಲೆ ನಿಧಾನಕ್ಕೆ ಹೇಳಬಹುದಿತ್ತು. ಆದರೆ ರಸೆಲ್ ಬಂದ ಮೇಲೆ ರಸೆಲ್ ಮೀನಿನ ಸುದ್ದಿ ಹೇಳುತ್ತಾನೆ. ಡೆಲ್ಫೀನಾ ಓದಿದಳು. ಪ್ರತಿ ಅಕ್ಷರವನ್ನೂ, ಶಾಲೆಯ ಗ್ರಂಥಾಲಯದಲ್ಲಿ ಮಕ್ಕಳಿಗೆ ಓದುತ್ತಿದ್ದ ಹಾಗೆ ಬಿಡಿಸಿ ಬಿಡಿಸಿ ಓದಿದಳು. ಓದಿ ತಲೆಯೆತ್ತಿದಳು.

ಅತ್ತೆಯ ಮುಖದಲ್ಲಿ ಏನೂ ಆಗಲಿಲ್ಲ. ಒಂದು ಕಪ್ಪು ನೊಣ ಅವರ ಕೆನ್ನೆಯ ಮೇಲೆ ಕೂತು, ನಡೆದು, ಹಾರಿತು.

"ಹಾಗಾದ್ರೆ ಇನ್ನೊಬ್ಬಳು ಹುಟ್ಟಿದಾಳೆ," ಎಂದರು. "ಅವಳಿಗೂ ಅದೇ ಹೆಸರಿಟ್ಟಿದಾರೆ."

"ಏನಂದ್ರಿ?"

"ಒಬ್ಬಳು ಹೋದ ಮೇಲೆ ಇನ್ನೊಬ್ಬಳು. ಆಗೆಲ್ಲ ಹಾಗೇ ಮಾಡ್ತಿದ್ರು. ನಿನಗೆ ಗೊತ್ತಿಲ್ವಾ? ಮೂರು ವರ್ಷ ಓದಿದೀಯ."

ಗೊತ್ತಿತ್ತು. ಅದೇ ಮೈ ಪರಚಿಕೊಳ್ಳುವಂತೆ ಮಾಡಿದ್ದು. ಸತ್ತ ಮಗುವಿನ ಹೆಸರನ್ನು ಮುಂದೆ ಹುಟ್ಟಿದ ಮಗುವಿಗೆ ಇಡುವುದು ಆಗ ಮನೆಮನೆಯ ಪದ್ಧತಿ. ಒಂದೇ ಮನೆಯಲ್ಲಿ ಮೂವರು ಜಾನ್‌ಗಳನ್ನು ಅವಳೇ ಕಂಡಿದ್ದಳು. "ವಯಸ್ಸು ಕೂಡಲ್ಲ ಮದರ್ ವಾಡ್ಲೋ," ಎಂದಳು, ಧ್ವನಿ ಏರದ ಹಾಗೆ ಹಿಡಿದುಕೊಂಡು. "ಇದಾದ ಮೇಲೆ ಹುಟ್ಟಿದ್ರೆ ಸಾಯೋವಾಗ ಅರವತ್ತೊಂದು ಹೇಗಾಗತ್ತೆ? ಕಡಿಮೆ ಅಂದ್ರೂ ನಾಲ್ಕೈದು ವರ್ಷ ಚಿಕ್ಕವಳಾಗಬೇಕು."

"ಕಲ್ಲು ಹಾಕಿಸಿದ್ದು ಯಾರು?"

"ಗಂಡ."

"ಹೆಂಡತಿ ವಯಸ್ಸು ಯಾವ ಗಂಡನಿಗೆ ನೆನಪಿರತ್ತೆ? ರಸೆಲ್‌ಗೆ ನಿನ್ನದು ಗೊತ್ತಾ?"

ಡೆಲ್ಫೀನಾಳಿಗೆ ಹೋದ ವರ್ಷ ತನ್ನ ಹುಟ್ಟುಹಬ್ಬದ ಕೇಕಿನ ಮೇಲೆ ರಸೆಲ್ ಬರೆಸಿದ್ದ ತಪ್ಪು ಸಂಖ್ಯೆ ನೆನಪಾಯಿತು. "ಅಂದ್ರೆ ನೀವು ಏನೇ ಆದ್ರೂ ಒಪ್ಪಲ್ಲ," ಎಂದಳು. ಈಗ ಧ್ವನಿ ಏರಿತು, ಗೋಡೆಯಾಚೆ ಮೇಯುತ್ತಿದ್ದ ಹಸುವೊಂದು ತಲೆಯೆತ್ತಿತು. "ಕಲ್ಲೇ ಎದ್ದು ಬಂದು ಹೇಳಿದ್ರೂ ಒಪ್ಪಲ್ಲ. ಸತ್ತ ಮಗೂನ ತೋರಿಸಿದ್ರೆ ಇನ್ನೊಂದು ಮಗು ಹುಟ್ಟಿಸ್ತೀರ. ಅದೂ ಸತ್ತಿದ್ರೆ ಮೂರನೇದು. ನಿಮಗೆ ಬೇಕಾಗಿರೋದು ಅವಳಲ್ಲ, ಆ ತಟ್ಟೆ! ನಾನು ಯಾಕೆ ಹುಡುಕ್ಬೇಕಿತ್ತು? ನೀವೇ ಬರ್ಕೊಟ್ಟಿದ್ರೆ ಆಗ್ತಿತ್ತು, ನಾನು ರುಜು ಹಾಕಿ ಕಾಫಿ ಮಾಡ್ತಿದ್ದೆ!"

ಇಪ್ಪತ್ತಾರು ವರ್ಷದಲ್ಲಿ ಅವಳು ಅತ್ತೆಯ ಮುಂದೆ ಇಷ್ಟು ಉದ್ದ ಮಾತಾಡಿದ್ದು ಇದೇ ಮೊದಲು. ಆಡಿ ಮುಗಿಸಿದಾಗ ಕೈಯಲ್ಲಿನ ಕನ್ನಡಿಯಿಂದ ಬಿಸಿಲಿನ ಬಿಲ್ಲೆಯೊಂದು ಗೋರಿಗಳ ಮೇಲೆಲ್ಲ ಹುಚ್ಚುಹುಚ್ಚಾಗಿ ಓಡಾಡಿತು.

ಅತ್ತೆ ಕೂರುವುದಕ್ಕೆ ಜಾಗ ಹುಡುಕಿ, ಕ್ಯಾಪ್ಟನ್ನಿನ ಕಾಲಿನ ಕಡೆಯ ಕುಳ್ಳ ಕಲ್ಲಿನ ಮೇಲೆ ಕೂತುಬಿಟ್ಟರು. ಗೋರಿಯ ಮೇಲೆ ಕೂರಬಾರದೆಂದು ಬೇರೆಯವರಿಗೆ ಹೇಳಿಕೊಡುವ ಹೆಂಗಸು. ಕೈಚೀಲ ತೆಗೆದು, ಕರವಸ್ತ್ರ ಹುಡುಕಿ, ಕಣ್ಣಿಗಲ್ಲ, ಕುತ್ತಿಗೆಗೆ ಒತ್ತಿಕೊಂಡರು.

"ನಾನು ಎರಡನೇ ಲವೀನಿಯಾ," ಎಂದರು.

ಡೆಲ್ಫೀನಾ ಕನ್ನಡಿಯನ್ನು ಮಡಿಲಿಗೆ ಇಳಿಸಿದಳು.

"ನನಗಿಂತ ಮುಂಚೆ ಒಬ್ಬಳಿದ್ದಳು. ಗಂಟಲಮಾರಿ ಬಂದು ಹೋದಳು, ಐದು ವರ್ಷಕ್ಕೆ. ಮುಂದಿನ ವರ್ಷ ನಾನು. ಅದೇ ಹೆಸರು. ಹೆಸರು ಕೆತ್ತಿಸಿದ ಬೆಳ್ಳಿ ಚಮಚ ಇತ್ತಲ್ಲ, ಹಾಳಾಗಬಾರದು ನೋಡು." ಅವರು ನಕ್ಕರೋ ಕೆಮ್ಮಿದರೋ ತಿಳಿಯಲಿಲ್ಲ. "ತೊಟ್ಟಿಲು ಅವಳದು, ಬಟ್ಟೆ ಅವಳದು. ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಅಮ್ಮ ನನ್ನ ಕೈ ಹಿಡ್ಕೊಂಡು ಅವಳ ಹತ್ರ ಹೋಗ್ತಿದ್ದಳು. ನಾನು ಓದೋದು ಕಲಿತಾಗ, ಯಾರ ಸಹಾಯವಿಲ್ದೆ ಮೊದಲು ಓದಿದ ಪದ ಅದೇ. ಕಲ್ಲಿನ ಮೇಲೆ ನನ್ನ ಹೆಸರು."

ನೀಲಕದ ಪೊದೆಯಲ್ಲಿ ದುಂಬಿಗಳ ಸದ್ದು ಒಂದೇ ಸಮನೆ ಇತ್ತು. ಅತ್ತೆ ಕೋಲಿನ ತುದಿಯಿಂದ ಹುಲ್ಲನ್ನು ಕುಟ್ಟುತ್ತ ಹೇಳಿದರು, ಯಾರಿಗೋ ವಿಳಾಸ ಹೇಳುವವರ ದನಿಯಲ್ಲಿ:

"ಅಮ್ಮ ಹಿತ್ತಲಿಂದ ಲವೀನಿಯಾ ಅಂತ ಕೂಗಿದ್ರೆ, ಒಂದು ಗಳಿಗೆ ನಿಲ್ತಿದ್ದೆ ನಾನು. ಯಾರನ್ನ ಕರೀತಿದಾಳೆ ಅಂತ. ಆರು ವರ್ಷ ಆದಾಗ ಅವಳ ಬಟ್ಟೆ ನನಗೆ ಚಿಕ್ಕದಾಯ್ತು. ಅವತ್ತು ಅಮ್ಮ ಅತ್ತಿದ್ದು ನೋಡ್ಬೇಕಿತ್ತು ನೀನು. ನಾನು ಬೆಳೆದಿದ್ದೇ ತಪ್ಪು ಅನ್ನೋ ಹಾಗೆ."

ಡೆಲ್ಫೀನಾಳೊಳಗೆ ಕನಿಕರ ಎದ್ದದ್ದು ನಿಜ, ಆದರೆ ಅದರ ಜೊತೆಗೇ, ಅದಕ್ಕಿಂತ ಜೋರಾಗಿ, ಹತಾಶೆಯ ಕಿರಿಕಿರಿ. ಇಷ್ಟು ವರ್ಷ ಕಾದು, ಒಮ್ಮೆ, ಒಂದೇ ಒಂದು ಸಲ, ತನ್ನ ಕಡೆಗೊಂದು ಗೆಲುವು ನೆಲದಿಂದೆದ್ದು ಬಂದಿತ್ತು. ಅದನ್ನು ಅನುಭವಿಸುವುದಕ್ಕೂ ಬಿಡಲಿಲ್ಲ ಈಕೆ. ಸಿಟ್ಟು ಮಾಡಿಕೊಳ್ಳುವ ಹಕ್ಕನ್ನು ಕೂಡ ಕಸಿದುಕೊಂಡುಬಿಟ್ಟರು. ಇಷ್ಟು ದಿನ ಹೇಳದ್ದನ್ನು ಈವತ್ತೇ ಹೇಳಬೇಕಿತ್ತೇ? ಸ್ವಂತ ಮಗನಿಗಾದರೂ ಗೊತ್ತಿದೆಯೇ? ಗೊತ್ತಿರಲಾರದು, ಗೊತ್ತಿದ್ದರೆ ರಸೆಲ್ ಯಾವುದಾದರೂ ಊಟದ ಹೊತ್ತಿನಲ್ಲಿ ತಮಾಷೆಯಾಗಿ ಅಂದಿರುತ್ತಿದ್ದ. ಊಟದ ಕೋಣೆಯ ಬೆಳ್ಳಿ ಚಮಚಗಳನ್ನು ಕ್ರಿಸ್‌ಮಸ್ಸಿಗೆ ಮುಂಚೆ ಉಜ್ಜುವುದು ತನ್ನ ಕೆಲಸ. ಅವುಗಳಲ್ಲಿ ಚಿಕ್ಕದೊಂದನ್ನು, ಸವೆದ ಅಕ್ಷರಗಳ ಸಂದಿಯಲ್ಲಿ ಕಪ್ಪು ಉಳಿದಿದೆಯೆಂದು, ಅತ್ತೆ ಎರಡೆರಡು ಸಲ ಉಜ್ಜಿಸುತ್ತಿದ್ದರು. ಬೇಡದಿದ್ದರೂ ನೆನಪಾಗುತ್ತದೆ. ಬೇಡದಿದ್ದರೂ ಅರ್ಥವಾಗುತ್ತದೆ. ಉಸ್ಸಪ್ಪಾ, ಮನುಷ್ಯರನ್ನು ದ್ವೇಷಿಸುವುದಕ್ಕೂ ಒಂದು ನೆಮ್ಮದಿ ಬೇಕು.

"ಹಸಿವಾಗ್ತಿದೆ," ಎಂದು ಅತ್ತೆ ಎದ್ದರು.

ವಾಪಸು ಬರುವ ದಾರಿಯಲ್ಲಿ, ಉಪ್ಪುನೀರಿನ ಜೌಗು ಶುರುವಾಗುವಲ್ಲಿ, ಹಲಗೆ ಗೋಡೆಯ ಒಂದು ಚಿಕ್ಕ ಹೋಟೆಲಿತ್ತು. ಹೊರಗೆ ಮರದ ಮೇಜುಗಳು. ಚಿಪ್ಪುಮೀನಿನ ಬಿಳಿ ಸೂಪು ಎರಡು ಬಟ್ಟಲು ಬಂತು. ಅತ್ತೆ ಚಮಚ ಅದ್ದಿ ಎತ್ತಿ, "ಹಿಟ್ಟು ಹಾಕಿದಾರೆ. ಚಿಪ್ಪಿನ ಮೀನು ಎಲ್ಲೋ ಈಜ್ಕೊಂಡು ಹೋಗಿದೆ," ಎಂದರು. ಅರ್ಧಕ್ಕಿಂತ ಹೆಚ್ಚು ಕುಡಿದರು. ಡೆಲ್ಫೀನಾ ಮುಟ್ಟಲಿಲ್ಲ. ದಾರಿಯುದ್ದಕ್ಕೂ ಅವಳು ತನ್ನೊಳಗೇ ಲೆಕ್ಕ ಹಾಕಿ, ಅಳಿಸಿ, ಹಾಕಿ, ಒಂದು ತೀರ್ಮಾನಕ್ಕೆ ಬಂದಿದ್ದಳು. ಯಾರಿಗೆ ನಷ್ಟ? ಮುನ್ನೂರು ವರ್ಷದ ಹಿಂದಿನ ಹೆಂಗಸು, ಹಾಲುಮಂಜು ಕವಿದ ಕಣ್ಣಿನ ಈ ಮುದುಕಿ, ಒಂದು ಸಾಲು. ಎರಡನೆಯವಳು ಹುಟ್ಟಿದ್ದಿರಲೂಬಹುದು. ಇಲ್ಲವೆನ್ನುವುದಕ್ಕೂ ತನ್ನ ಬಳಿ ಆಧಾರವಿಲ್ಲ. ಹೀಗೆ ಒಪ್ಪಿಕೊಂಡಾಗ ತಾನು ದೊಡ್ಡ ಮನಸ್ಸಿನವಳಾದ ಒಂದು ಹಿತವೂ ಒಳಗೆ ಹರಡಿತ್ತು.

"ಮದರ್ ವಾಡ್ಲೋ, ಸಾಲ್ವಿಗೆ ಫೋನ್ ಮಾಡ್ತೀನಿ. ಕ್ಯಾಪ್ಟನ್ ಮಗಳು ಅಂತಾನೇ ಹಾಕಿಸ್ತೀನಿ."

ಅತ್ತೆಯ ಚಮಚ ನಿಂತಿತು. "ಯಾಕೆ?"

"ನೀವೇ ಹೇಳಿದ್ರಲ್ಲ. ಇಬ್ಬರಿದ್ದಿರಬಹುದು ಅಂತ."

"ನಾನು ಹೇಳಿದ್ದು ನಾನು ಹೇಳಿದ್ದು. ನೀನು ನಂಬ್ತೀಯಾ?"

"ಅದು... ಇರಬಹುದು."

"ನಂಬ್ತೀಯಾ ಅಂತ ಕೇಳಿದೆ."

"ಇಲ್ಲ."

"ಮತ್ತೆ? ನನ್ನ ಮೇಲೆ ಕನಿಕರ ಹುಟ್ತಾ?" ಅತ್ತೆ ಚಮಚವನ್ನು ಠಕ್ಕನೆ ಮೇಜಿನ ಮೇಲಿಟ್ಟರು. ಪಕ್ಕದ ಮೇಜಿನ ಗಂಡಹೆಂಡಿರು ಈ ಕಡೆ ತಿರುಗಿದರು. "ಇಷ್ಟು ವರ್ಷ ನಾನು ಏನು ಹೇಳಿದ್ರೂ ಮುಖ ಗಂಟು ಹಾಕ್ಕೊಂಡೆ. ಸರಿ, ನಿನ್ನ ಸ್ವಭಾವ ಅಂತ ಬಿಟ್ಟೆ. ಈವತ್ತು, ಒಪ್ಪಬಾರದ ದಿನ ನೋಡಿ, ಒಪ್ತೀಯ! ಆ ಮಗು ಅಲ್ಲಿ ಅಪ್ಪನ ಪಕ್ಕ ಮಲಗಿದೆ. ಅವಳ ಹತ್ರ ಇರೋದೇ ಒಂದು ಹೆಸರು, ಒಬ್ಬ ಅಪ್ಪ. ಹೆಸರಂತೂ ಹೋಯ್ತು. ಅಪ್ಪನನ್ನೂ ಕಿತ್ತು ಇನ್ನೊಬ್ಬಳಿಗೆ ಕೊಡ್ತೀಯಾ? ನಾಳೆ ಯಾರಾದ್ರೂ ನಿನ್ನ ಹಾಗೇ ಹುಡುಕ್ಕೊಂಡು ಬಂದ್ರೆ, ಓ, ಇವಳೇ ಅವಳು, ದೊಡ್ಡವಳಾದಳು, ಒಂಬತ್ತು ಹೆತ್ತಳು ಅಂತ ಬರ್ಕೊಂಡು ಹೋಗ್ತಾರೆ. ಚಿಕ್ಕದು ಹುಟ್ಟೇ ಇಲ್ಲ ಅಂತಾಗತ್ತೆ." ಉಸಿರು ಸಾಲದೆ ನಿಲ್ಲಿಸಿದರು. "ನಾನು ಒಬ್ಬಳದ್ದು ತಗೊಂಡಿದೀನಿ. ನನ್ನನ್ನ ಯಾರೂ ಕೇಳಲಿಲ್ಲ, ಆದ್ರೂ ತಗೊಂಡಿದೀನಿ. ಸಾಕು."

ಡೆಲ್ಫೀನಾಳ ದೊಡ್ಡ ಮನಸ್ಸಿನ ಹಿತ, ಸೂಪಿನ ಮೇಲಿನ ಕೆನೆಯಂತೆ, ಮುದುಡಿ ಒಂದು ಕಡೆಗೆ ಸರಿಯಿತು. ಸರಿಯಾದದ್ದನ್ನು ಹೇಳಿದಾಗಲೂ ಬೈಸಿಕೊಂಡೆ, ತಪ್ಪನ್ನು ಒಪ್ಪಿದಾಗಲೂ ಬೈಸಿಕೊಂಡೆ. "ಹಾಗಾದ್ರೆ ಮೂರು ವರ್ಷ ಯಾಕೆ ನನ್ನ ಜೀವ ತಿಂದ್ರಿ?" ಎಂದಳು, ಅಕ್ಕಪಕ್ಕದವರು ಕೇಳಲಿ ಬಿಡಲಿ. "ವಾರ ವಾರ ಬಂದು ಸಿಗಲಿಲ್ಲ ಸಿಗಲಿಲ್ಲ ಅಂದೆ. ಸರಿಯಾಗಿ ಹುಡುಕು, ಸರಿಯಾಗಿ ಹುಡುಕು! ಬೇಡ ಅಂತ ಒಂದು ಸಲ ಅಂದಿದ್ರೆ ಮುಗೀತಿತ್ತಲ್ಲ?"

"ಬೇಡ ಅಂದಿದ್ರೆ ನೀನು ಬೇರೆ ಯಾವುದಕ್ಕೆ ನನ್ನ ಮನೆಗೆ ಬರ್ತಿದ್ದೆ?"

ಅತ್ತೆ ಅದನ್ನು ಅಷ್ಟೇ ಸಿಡುಕಿನಿಂದ ಹೇಳಿ, ಬಿಸ್ಕತ್ತಿನ ಪೊಟ್ಟಣವನ್ನು ಹರಿಯಲು ಹೆಣಗತೊಡಗಿದರು. ಬೆರಳಿನ ಗಂಟುಗಳು ಬಾಗುತ್ತಿರಲಿಲ್ಲ. ಡೆಲ್ಫೀನಾ ಪೊಟ್ಟಣವನ್ನು ಅವರ ಕೈಯಿಂದ ಕಸಿದು, ಹರಿದು, ಬಿಸ್ಕತ್ತುಗಳನ್ನು ಬಟ್ಟಲಿನ ಪಕ್ಕ ಸುರಿದು, ಎದ್ದು ಹೋದಳು.

ಫೋನಿನ ಗೂಡು ರಸ್ತೆಯ ಅಂಚಿನಲ್ಲಿತ್ತು. ಸಾಲ್ವಿ ತಾನೇ ಎತ್ತಿಕೊಂಡ. ಹಿಂದೆ ಯಂತ್ರ ಕೊರೆಯುವ ಸದ್ದು.

"ಹೇಳಿ, ಯಾರ ಮಗಳು?" ಎಂದು ಕೂಗಿದ.

"ಏನೂ ಬೇಡ. ಅಷ್ಟಕ್ಕೇ ಬಿಡಿ."

"ಏನೂ ಬೇಡ ಅಂದ್ರೆ? ಇಷ್ಟು ಜಾಗ ಬಿಟ್ಟಿದೀನಿ ಮೇಡಂ. ಬೋಳು ಹೊಡೀತಿದೆ. ಒಂದು ಬಳ್ಳಿನಾದ್ರೂ ಎಳೀಲಾ? ಎರಡು ಹೂವು?"

"ಬಳ್ಳಿ ಬೇಡ."

"ದೇವದೂತ? ಚಿಕ್ಕದು, ಮುಖ ಮಾತ್ರ."

"ಬೇಡ ಅಂದ್ನಲ್ಲ ಸಾಲ್ವಿ. ಖಾಲಿ ಇರಲಿ."

ಯಂತ್ರ ನಿಂತಿತು. "ನೋಡಿದೋರು ಏನಂತಾರೆ ಗೊತ್ತಾ? ಸಾಲ್ವಿ ಮರೆತ ಅಂತಾರೆ."

"ನೀವು ಮರೆತಿಲ್ಲ ಅಂತ ನಾನು ಹೇಳ್ತೀನಿ."

"ಎಲ್ಲರಿಗೂ ಹೇಳ್ತೀರಾ?" ಎಂದು ಕೇಳಿ ಅವನು ಫೋನಿಟ್ಟ.

ಗಾಜಿನ ಗೂಡಿನೊಳಗೆ ಬಿಸಿಲು ತುಂಬಿ ಸೆಕೆಯಾಗಿತ್ತು. ಅವಳು ಹೊರಗೆ ಬರದೆ ನಿಂತಳು. ಜೌಗಿನ ನೀರು ಸಮುದ್ರದ ಕಡೆಗೆ ಇಳಿಯುತ್ತ, ಕಪ್ಪು ಕೆಸರು ಬಯಲಾಗುತ್ತಿತ್ತು. ಎಲ್ಲೋ ಹುಟ್ಟಿ, ಎಲ್ಲೋ ನೀರು ಹೊತ್ತು, ಯಾರನ್ನೋ ಅಪ್ಪ ಎಂದು ಕರೆದು, ಅರವತ್ತೊಂದು ವರ್ಷ ಬದುಕಿದ್ದವಳು ಥ್ಯಾಂಕ್‌ಫುಲ್. ಯಾವನೋ ಕೂಲಿಯವನೋ, ಹಡಗಿನಿಂದ ಬರಿಗೈಯಲ್ಲಿ ಇಳಿದವನೋ. ಅವನ ಹೆಸರು ಕೇಳಿ ವಾಡ್ಲೋ ಮನೆಯವರು ನಕ್ಕಿದ್ದರೇನೋ. ಅವಳು ಅದಕ್ಕೇ ಹೇಳದೆ ಹೋದಳೇನೋ. ಇದಕ್ಕೂ ಆಧಾರವಿಲ್ಲ, ಎಂದು ಡೆಲ್ಫೀನಾ ತನ್ನನ್ನು ತಾನೇ ಗದರಿಕೊಂಡು ಬಾಗಿಲು ನೂಕಿದಳು.

ಅತ್ತೆ ಬಿಸ್ಕತ್ತು ಮುಗಿಸಿದ್ದರು. "ಏನಂದ?"

"ಬೋಳಾಗಿ ಕಾಣತ್ತೆ ಅಂದ."

"ಕಾಣಲಿ."

"ಅಧ್ಯಕ್ಷೆ ಮಿಸೆಸ್ ಆಪಲ್‌ಗಾರ್ತ್ ಸುಮ್ನಿರಲ್ಲ. ಸಂಘದೋರೆಲ್ಲ ಬಂದಿರ್ತಾರೆ, ಪತ್ರಿಕೆಯೋನೂ ಬರ್ತಾನೆ. ಅಪ್ಪ ಯಾರು ಅಂತ ಕೇಳೇ ಕೇಳ್ತಾರೆ."

"ಗೊತ್ತಿಲ್ಲ ಅನ್ನು."

"ನಾನಾ?"

"ಮತ್ತೆ ನಾನಾ? ಹುಡುಕಿದೋಳು ಯಾರು? ವೇದಿಕೆ ಹತ್ತಿ ಹೇಳು. ನಾನು ಮುಂದಿನ ಸಾಲಲ್ಲೇ ಕೂತಿರ್ತೀನಿ, ಆದ್ರೆ ನನಗೆ ಕಿವಿ ಮಂದ. ನೀನು ಹೇಳಿದ್ದು ಕೇಳಿಸಲಿಲ್ಲ ಅಂದ್ರೆ ಎಲ್ಲರೆದುರೇ ಏನಂದೆ ಅಂತ ಕೇಳ್ತೀನಿ, ನೋಡ್ಕೋ. ಜೋರಾಗಿ ಹೇಳು."

ಡೆಲ್ಫೀನಾ ಬೆಂಚಿನ ಮೇಲೆ ಕೂತಳು. ತಣ್ಣಗಾಗಿ ಗಟ್ಟಿಯಾಗಿದ್ದ ಸೂಪನ್ನು ಹತ್ತಿರಕ್ಕೆ ಎಳೆದುಕೊಂಡು ಒಂದು ಚಮಚ ಬಾಯಿಗಿಟ್ಟಳು. ನಿಜವಾಗಿಯೂ ಬರೀ ಹಿಟ್ಟು.

"ಗೊತ್ತಿಲ್ಲ," ಎಂದಳು, ಸ್ವಲ್ಪ ಗಟ್ಟಿಯಾಗಿ.

"ಕೇಳಿಸಲಿಲ್ಲ," ಎಂದರು ಅತ್ತೆ.